ನೀರುಗಂಟಿ ಪಕೀರಪ್ಪ ಮೈಕಿಗೆ ಪಾಳಿ ಹಚ್ಚಿದ್ದು

ಹೊಸಪೇಟೆಯಲ್ಲಿ ಮೈಕಿನವರಿಗೆ ಬರವಿಲ್ಲ. ನಾಮಕರಣದಿಂದ ಹಿಡಿದು ನಾಮಾವಶೇಷದವರೆಗೆ ಯಾವ ಕಾರ್ಯವಿದ್ದರೂ ಎರಡು ಪೆಟ್ಟಿಗೆ, ಒಂದು ಮೈಕು, ಅದರ ಹಿಂದೆ ನಿದ್ದೆಗಣ್ಣಿನ ಒಬ್ಬ ಮನುಷ್ಯ ಸಿಕ್ಕೇ ಸಿಗುತ್ತಾನೆ. ಇವರೆಲ್ಲ ಹೆಸರು ಮಾಡಿದ್ದು ದನಿ ಎಬ್ಬಿಸಿ. ದನಿ ಅಡಗಿಸಿ ಹೆಸರು ಮಾಡಿದವನು ಈ ಸೀಮೆಯಲ್ಲಿ ಒಬ್ಬನೇ, ನೀರುಗಂಟಿ ಪಕೀರಪ್ಪ.

ಮೈಕು ಹಿಡಿಯುವ ಮುಂಚೆ ಅವನು ಹಿಡಿದದ್ದು ಗೇಟು. ತುಂಗಭದ್ರಾ ಡ್ಯಾಮಿನ ಕಾಲುವೆಯ ಮೇಲೆ ನೌಕರಿ. ತೂಬು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿ ನೋಡಿಕೊಳ್ಳುವುದು. ಪಾಳಿ ತಪ್ಪಿದರೆ ಕಾಲುವೆಯ ತಲೆಗಿದ್ದವನ ಹೊಲದಲ್ಲಿ ಕಪ್ಪೆ ಈಜುತ್ತದೆ, ಬಾಲಕ್ಕಿದ್ದವನ ಹೊಲದಲ್ಲಿ ಓತಿಕ್ಯಾತ ಓಡುತ್ತದೆ. ಆದ್ದರಿಂದ ನೀರುಗಂಟಿಗೆ ನೀರಿಗಿಂತ ಹೆಚ್ಚಾಗಿ ನಿಯತ್ತು ಬೇಕು. ಪಕೀರಪ್ಪನಲ್ಲಿ ಅದು ಕೋಡಿ ಬೀಳುವಷ್ಟಿತ್ತು.

ಅದರಲ್ಲಿ ಮೊದಲು ಮುಳುಗಿದವರು ಹೆಂಡತಿಯ ಕಡೆಯವರು. ಎರ್ರೆಮ್ಮನ ತಮ್ಮ ಓಬಳಪ್ಪನ ಹೊಲ ಕಂಪ್ಲಿ ಕಡೆ ಇವನದೇ ಕಾಲುವೆಯ ಬಾಲದಲ್ಲಿತ್ತು. ಮದುವೆಯಾದ ಹೊಸತರಲ್ಲಿ ಚಾದಂಗಡಿಯಲ್ಲಿ ಯಾರೋ, ‘ಓಬಳಪ್ಪಗೇನು ಬಿಡ್ರಿ, ಭಾವನ ಕೈಯಾಗ ಗೇಟೈತಿ’ ಎಂದುಬಿಟ್ಟರು. ಅಷ್ಟೇ. ಅಂದಿನಿಂದ ನಿವೃತ್ತಿಯ ದಿನದವರೆಗೂ ಓಬಳಪ್ಪನ ಪಾಳಿ ಬಂದಾಗಲೆಲ್ಲ ಪಕೀರಪ್ಪ ಗೇಟನ್ನು ಒಂದು ಬೆರಳು ಕಡಿಮೆಯೇ ಎತ್ತಿದ. ‘ಭಾವ ನೀರುಗಂಟಿ ಆಗೋದ್ಕಿಂತ ಮೋಡ ಆಗಿದ್ರ ಬೇಸಿತ್ತು, ತಪ್ಪಿ ಎರಡು ಹನಿ ಆದ್ರೂ ಬೀಳ್ತಿತ್ತು’ ಎಂದು ಓಬಳಪ್ಪ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ನಿವೃತ್ತಿಯಾಗಿ ಪಾಪಿನಾಯಕನಹಳ್ಳಿಯ ಮನೆಯಲ್ಲಿ ಕೂತ ಮೇಲೆ ಪಕೀರಪ್ಪನ ಕೈ ಸುಮ್ಮನಿರಲಿಲ್ಲ. ಓಣಿಯ ನಳಗಳಿಗೆ ಪಾಳಿ ಹಚ್ಚಿದ. ಬೈಸಿಕೊಂಡು ಮನೆಯ ನಳಕ್ಕೆ ಇಳಿದ. ಕೊನೆಗೆ ಒಂದು ಬೆಳಿಗ್ಗೆ ಎರ್ರೆಮ್ಮ ಹೊಸಪೇಟೆಯ ಅಳಿಯನಿಗೆ ಫೋನು ಹಚ್ಚಿದಳು.

“ಪ್ರವೀಣಪ್ಪಾ, ನಿಮ್ಮ ಮಾವನ್ನ ಕರಕೊಂಡು ಹೋಗಪಾ. ನಾ ಮೈ ತೊಳಕೊಳ್ಳಾಕ ಕುಂತಿದ್ರ, ನಿನ್ನ ಪಾಳಿ ಮುಗೀತಂತ ಹೊರಗಿಂದ ನೀರು ಬಂದ್ ಮಾಡ್ಯಾರ. ಕಣ್ಣಾಗೆಲ್ಲ ಸೋಪು.”

ಮಗಳು ಪಲ್ಲವಿಯ ಗಂಡ ಪ್ರವೀಣ, ಹೊಸಪೇಟೆಯಲ್ಲಿ ಮೈಕು ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವವನು. ಒಳ್ಳೆಯ ಹುಡುಗ. ಅತ್ತೆಯ ಕಣ್ಣಲ್ಲಿ ಸೋಪು ಎಂದರೆ ಅಳಿಯನ ಕಣ್ಣಲ್ಲಿ ನೀರು. ಅವತ್ತೇ ಗಾಡಿ ತಂದ.

ಗಂಡ ಗಾಡಿ ಹತ್ತುವಾಗ ಎರ್ರೆಮ್ಮ ಒಂದು ಮಾತು ಹೇಳಿದಳು. ಆ ಮಾತಿಗೆ ಹಿನ್ನೆಲೆಯುಂಟು. ಊರಿನಲ್ಲಿ ಕಳೆ ತೆಗೆಯಲು ಹೋಗುವ ಹೆಂಗಸರದೊಂದು ಹಾಡಿನ ಮೇಳವಿದೆ. ಎರ್ರೆಮ್ಮ ಅದರ ಮುಂದಾಳು. ಹೊಲದ ಈ ಬದುವಿನಲ್ಲಿ ಅವಳು ಎತ್ತಿಕೊಂಡರೆ ಆ ಬದುವಿನಾಚೆಯ ರಸ್ತೆಯಲ್ಲಿ ಬಸ್ಸಿನ ಡ್ರೈವರು ಯಾರೋ ಕೈ ಮಾಡಿದರೆಂದು ಬ್ರೇಕು ಹಾಕುತ್ತಾನೆ. ಇಂಥವಳು ಒಮ್ಮೆಯೂ ತನ್ನ ದನಿ ಮೈಕಿನ ಪೆಟ್ಟಿಗೆಯಿಂದ ಬಂದದ್ದನ್ನು ಕೇಳಿರಲಿಲ್ಲ. ಮೇಳ ಎಲ್ಲಿ ಹಾಡಿದರೂ ನಡುವೆ ಒಂದೇ ಮೈಕು. ಎತ್ತರದವಳೆಂದು ಎರ್ರೆಮ್ಮನನ್ನು ಸಾಲಿನ ತುದಿಗೆ ನಿಲ್ಲಿಸುತ್ತಿದ್ದರು. ಪೆಟ್ಟಿಗೆಯಿಂದ ಬರುತ್ತಿದ್ದದ್ದು ನಡುವಿನಲ್ಲಿ ನಿಂತ ದುರ್ಗಕ್ಕನ ದನಿ, ಅದರ ಜೊತೆಗೆ ದುರ್ಗಕ್ಕನ ಕೆಮ್ಮು.

“ನೋಡ್ರಿ, ಹೆಂಗೂ ಮೈಕಿನ ಕೆಲಸಕ್ಕ ಹೊಂಟೀರಿ. ನನ್ನ ದನಿ ಒಂದ್ಸಲ ಆ ಪೆಟ್ಟಿಗಿಯಾಗಿಂದ ಬರ್ಬೇಕು. ಹೆಂಗಿರತೈತಿ ಅಂತ ನಾನೂ ಒಮ್ಮಿ ಕೇಳ್ಬೇಕು,” ಎಂದಳು.

“ಪಾಳಿ ಬಂದಾಗ ನೋಡೋಣ ಬಿಡು,” ಎಂದ ಪಕೀರಪ್ಪ.

“ತೌರುಮನಿಗೂ ಇದ ಮಾತು, ನನಗೂ ಇದ ಮಾತು,” ಎಂದು ಎರ್ರೆಮ್ಮ ಬಾಗಿಲು ಹಾಕಿಕೊಂಡಳು.

ಕಲಿಕೆ ಕೇಬಲ್ಲಿನಿಂದ ಶುರುವಾಯಿತು. ಕೇಬಲ್ ಸರಿಯಿದ್ದರೆ ತಾನೇ ಜನ ಕೇಳಬಲ್ಲರು! ಪಕೀರಪ್ಪ ಅದನ್ನು ಬಾವಿಯ ಹಗ್ಗದ ಹಾಗೆ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಬಿಗಿದು ಸುತ್ತಿದ. ಪ್ರವೀಣ ಎದೆ ಹಿಡಿದುಕೊಂಡ.

“ಮಾವಾ, ಹಂಗ ಬ್ಯಾಡ್ರಿ. ಒಳಗಿನ ತಂತಿ ತುಂಡಾಗತೈತಿ. ಒಂದು ಸುತ್ತು ಹಿಂಗ, ಮುಂದಿನ ಸುತ್ತು ಮಗ್ಗಲು ತಿರುವಿ ಹಿಂಗ. ದೊಡ್ಡ ಸುತ್ತು, ಸಡ್ಲ ಇರ್ಬೇಕು.”

“ಹಗ್ಗಕ್ಕ ಇಷ್ಟು ನಾಜೂಕು ಯಾಕಪಾ?”

“ಹಗ್ಗ ಅಲ್ರಿ ಮಾವಾ, ಇದು ನರ.”

ಮೈಕಿನವನಿಗೆ ಮೈಕೈ ನೋವು ತಪ್ಪಿದ್ದಲ್ಲ. ಪೆಟ್ಟಿಗೆ ಹೊತ್ತು, ಸ್ಟ್ಯಾಂಡು ನೆಟ್ಟು, ಬೆನ್ನು ಹಿಡಿದ ಮೇಲೆ ಎರಡನೆಯ ಪಾಠ ಬಂತು: ಮೈಕನ್ನು ಪೆಟ್ಟಿಗೆಯ ಎದುರಿಗೆ ಹಿಡಿಯಬಾರದು. ಪೆಟ್ಟಿಗೆಯಿಂದ ಬಂದ ದನಿ ತಿರುಗಿ ಮೈಕಿಗೆ ಹೊಕ್ಕು, ಮತ್ತೆ ಪೆಟ್ಟಿಗೆಗೆ ಬಂದು, ಸುತ್ತಿ ಸುತ್ತಿ ‘ಕುಂಯ್’ ಎಂದು ಕಿರುಚುತ್ತದೆ. ತನ್ನ ದನಿಯನ್ನು ತಾನೇ ಕೇಳಿ ಕೇಳಿ ಕಿರುಚುವ ಈ ರೋಗ ಮೈಕಿಗಿಂತ ಮೈಕಿನ ಮುಂದೆ ನಿಲ್ಲುವವರಲ್ಲಿ ಹೆಚ್ಚೆಂಬುದು ಬೇರೆ ಮಾತು.

ಮೂರನೆಯ ಪಾಠ ಬೇಸು, ಎಂದರೆ ದನಿಯ ಗುಡುಗು. ನಮ್ಮ ಕಡೆ ಚೆನ್ನಾಗಿದ್ದದ್ದಕ್ಕೆಲ್ಲ ‘ಬೇಸೈತಿ’ ಎನ್ನುವುದು ರೂಢಿ. “ಬೇಸ್ ಹೆಂಗೈತಿ ಮಾವಾ?” ಎಂದು ಪ್ರವೀಣ ದೂರದಿಂದ ಕೂಗಿದರೆ, ಪಕೀರಪ್ಪ “ಬೇಸೈತಿ!” ಎನ್ನುವನು. ಬೇಸಿನ ಪೆಟ್ಟಿಗೆಗೆ ಇನ್ನೂ ವಯರು ಹಚ್ಚಿರದಿದ್ದಾಗಲೂ ಅದೇ ಉತ್ತರ. ಟ್ರೆಬಲ್ಲಿನ ಟ್ರಬಲ್ಲು ಹೇಳಹೋಗುವುದೇ ಬೇಡ.

ಎಲ್ಲ ಮೈಕುಗಳ ದನಿ ಬಂದು ಸೇರುವ ಮಿಕ್ಸರಿನ ಮುಂದೆ ಮಾತ್ರ ಪಕೀರಪ್ಪ ಕೈ ಕಟ್ಟಿಕೊಂಡು ನಿಂತುಬಿಟ್ಟ. ಅಷ್ಟೊಂದು ಗುಂಡಿಗಳನ್ನು ಅವನು ಅಂಗಿಯಂಗಡಿಯಲ್ಲೂ ಕಂಡಿರಲಿಲ್ಲ. ಪ್ರವೀಣ ಹೇಳಿ ಹೇಳಿ ಸೋತ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು.

“ಮಾವಾ, ಇದು ಕಾಲುವಿ ಅನ್ಕೊಳ್ರಿ. ಮೈಕು ಅಂದ್ರ ಡ್ಯಾಮು. ಮ್ಯಾಲಿನ ಈ ಗುಂಡಿ ಗೇನು, ಅದು ಡ್ಯಾಮಿನ ಗೇಟು. ಕೆಳಗ ಹಿಂಗ ಸರಿಯೋದು ಫೇಡರು, ಅದು ತೂಬು. ಒಂದೊಂದು ಮೈಕಿಗೂ ಒಂದೊಂದು. ಆ ಪೆಟ್ಟಿಗಿ ಐತಲ್ಲ, ಅದು ಹೊಲ.”

ಪಕೀರಪ್ಪನ ಮುಖ ಅರಳಿತು. “ಇಷ್ಟ ಏನು? ಮೊದಲ ಹೇಳ್ಬಾರದಾ! ಹಂಗಾರ ಮ್ಯಾಲಿನ ಗೇಟು ಜಾಸ್ತಿ ಎತ್ತಿದ್ರ?”

“ದನಿ ಹರಕ ಆಗತೈತಿ.”

“ಏರಿ ಒಡೀತೈತಿ ಅನ್ನು!”

ಅವತ್ತೇ ಸಂಜೆಯೊಳಗೆ ಯಾವ ಮೈಕಿಗೆ ಯಾವ ತೂಬು, ಗೇನು ಎಷ್ಟು ಗೇಣು ಎತ್ತಿದರೆ ದನಿ ಸೋರದೆ ಬರುತ್ತದೆ, ಎಲ್ಲವನ್ನೂ ಕಲಿತ. ಮಾವ ಇಷ್ಟು ಜಲ್ದಿ ಕಲಿತದ್ದಕ್ಕೆ ಪ್ರವೀಣನಿಗೆ ಭಾಳ ಖುಷಿ. ಹೋಲಿಕೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ಅವನು ಹೇಳಿಕೊಡಲಿಲ್ಲ.

ಅದು ಕಂಪ್ಲಿಯಲ್ಲಿ ಗೊತ್ತಾಯಿತು. ಅಕ್ಕಿ ಗಿರಣಿಯ ಉಜ್ಜಿನಪ್ಪನವರಿಗೆ ಅರವತ್ತು ತುಂಬಿದ ಸನ್ಮಾನ. ಪೆಂಡಾಲಿನ ತುಂಬ ರೈತರು. ಪ್ರವೀಣ ಹೊರಗೆ ಪೆಟ್ಟಿಗೆ ತಿರುಗಿಸುತ್ತ, “ಮಾವಾ, ಮೈಕ್ ಟೆಸ್ಟಿಂಗ್ ಹೇಳ್ರಿ” ಎಂದ. ಒನ್ ಟೂ ತ್ರೀ ಎನ್ನುವುದು ಪಕೀರಪ್ಪನಿಗೆ ಬಾಯಿಗೆ ಬರಲಿಲ್ಲ. ದಂಡೆಯ ಮೇಲೆ ನಿಂತು ಜನ್ಮವಿಡೀ ಕೂಗಿದ್ದು ಬಂತು.

“ನೀರು ಬಿಟ್ಟೀವಿ! ಕೊನೀ ಹೊಲದೋರು ಎಚ್ಚರಾ! ನೀರು ಬಿಟ್ಟೀವಿ!”

ಅರ್ಧ ಪೆಂಡಾಲು ಎದ್ದು ಓಡಿತು. ಪಂಚೆ ಎತ್ತಿ ಕಟ್ಟಿದವರು, ಚಪ್ಪಲಿ ಬಿಟ್ಟವರು, ಕೈಯಲ್ಲಿದ್ದ ಶಿರಾದ ತಟ್ಟೆಯ ಸಮೇತ ಬೈಕು ಹತ್ತಿದವರು. ಉಜ್ಜಿನಪ್ಪನವರು ಪೇಟ ಸರಿ ಮಾಡಿಕೊಳ್ಳುತ್ತ ವೇದಿಕೆಯಿಂದ ಇಳಿದು ಬಂದರು.

“ಏ ಮಾರಾಯಾ, ನನ್ನ ಸನ್ಮಾನಕ್ಕ ಬಂದೋರ್ನ ಹೊಲಕ್ಕ ಅಟ್ಟಿದೆಲ್ಲಪಾ! ಹಾರ ಯಾರು ಹಾಕ್ಬೇಕು ನನಗ, ಎಮ್ಮಿನಾ?”

ಹೋದವರು ಒಣ ಕಾಲುವೆ ನೋಡಿ ಬೈದುಕೊಂಡು ತಿರುಗಿ ಬರುವಷ್ಟರಲ್ಲಿ ವಚನ ಗಾಯನ ಶುರುವಾಗಿತ್ತು. ಹಾಡುಗಾರ, ಹಾರ್ಮೋನಿಯಂ, ತಬಲಾ, ಮೂವರಿಗೂ ಮೈಕು. ಎಲ್ಲ ತೂಬನ್ನೂ ಒಟ್ಟಿಗೆ ತೆರೆದರೆ ಬಾಲಕ್ಕೆ ನೀರು ಹತ್ತುವುದಿಲ್ಲ ಎಂಬುದು ಪಕೀರಪ್ಪ ನೌಕರಿಯಲ್ಲಿ ಕಲಿತ ಮೊದಲ ಪಾಠ. ಅವನು ಪಾಳಿ ಹಚ್ಚಿದ. ಮೊದಲು ಹಾಡು. ಹಾಡು ಮುಚ್ಚಿ ಹಾರ್ಮೋನಿಯಂ. ಹಾರ್ಮೋನಿಯಂ ಮುಚ್ಚಿ ತಬಲಾ. ಹಾಡುಗಾರ ದಂಡೆಗೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದ. ಉಜ್ಜಿನಪ್ಪನವರು ಮತ್ತೆ ಇಳಿದು ಬಂದರು.

“ಏನೋ, ಬಾಯಿ ಆಡಸಾಕತ್ಯಾನ, ದನಿ ಎಲ್ಲೈತಿ?”

“ಅವಂದು ಪಾಳಿ ಆತ್ರಿ ಧಣೇರ. ಈಗ ತಬಲಾದ್ದು.”

ಪ್ರವೀಣ ಹೊರಗಿನಿಂದ ಓಡಿ ಬರುವ ಹೊತ್ತಿಗೆ ಭಾಷಣ ಶುರುವಾಗಿತ್ತು. ಮುಖ್ಯ ಅತಿಥಿಗಳು ಉಜ್ಜಿನಪ್ಪನವರ ಬಗ್ಗೆ ಮಾತಾಡಲು ತಮ್ಮ ಮುತ್ತಜ್ಜನಿಂದ ಹೊರಟು, ಅಜ್ಜನ ಬಾಲ್ಯದಲ್ಲಿ ತಂಗಿ, ತಾವು ಹುಟ್ಟುವ ಸೂಚನೆಯನ್ನೇ ಕೊಡದಿದ್ದಾಗ ಪಕೀರಪ್ಪ ತೂಬು ಇಳಿಸಿದ. ಅತಿಥಿಗಳು ಮೈಕನ್ನು ಬಡಿದರು, ಊದಿದರು, ಅಲ್ಲಾಡಿಸಿದರು. ಪೆಂಡಾಲು ಚಪ್ಪಾಳೆ ಹೊಡೆಯಿತು. ಅವರು ತಮ್ಮ ಮಾತಿಗೇ ಚಪ್ಪಾಳೆ ಎಂದುಕೊಂಡು ಕೈ ಮುಗಿದು ಕೂತರು. ಉಜ್ಜಿನಪ್ಪನವರು ಮೂರನೆಯ ಸಲ ಇಳಿದು ಬಂದದ್ದು ಪಕೀರಪ್ಪನ ಹೆಗಲಿಗೆ ಶಾಲು ಹೊದಿಸಲು.

ಆಮೇಲೆ ಪ್ರವೀಣನಿಗೆ ಬರುವ ಫೋನುಗಳ ಧಾಟಿಯೇ ಬದಲಾಯಿತು. “ಹಾಡು ಇದ್ರ ನೀವು ಬರ್ರಿ. ಭಾಷಣ ಇದ್ರ ನಿಮ್ಮ ಮಾವನ್ನ ಕಳಸ್ರಿ.”

ಪ್ರವೀಣ ಮಾವನನ್ನು ಕೂರಿಸಿ ತಿಳಿಹೇಳಿದ. “ಹಾಡಿನಾಗ ಪಾಳಿ ಇಲ್ರಿ ಮಾವಾ. ಎಲ್ಲಾ ತೂಬು ಒಟ್ಟಿಗೆ. ಮಳಿ ಬಂದಾಗ ಹೆಂಗ ಎಲ್ಲಾ ಹೊಲಕ್ಕೂ ಒಮ್ಮಿಗೇ ಬೀಳ್ತೈತಿ, ಹಂಗ.” ಪಕೀರಪ್ಪ ಒಪ್ಪಿದ. ಆದರೆ ಒಳಗೊಳಗೆ ಅವನಿಗೆ ಅದು ಶಿಸ್ತಿಲ್ಲದ ಕೆಲಸವಾಗಿ ಕಂಡಿತು. ಮಳೆಗೆ ಯಾವ ಇಲಾಖೆ?

ಅಷ್ಟರಲ್ಲಿ ಸಂಡೂರಿನ ಕರೆ ಬಂತು. ಅಲ್ಲಿನ ಒಂದು ಸಭಾಂಗಣದಲ್ಲಿ ಮಹಿಳಾ ಸಂಘಗಳ ಸಮಾವೇಶ, ಮೈಕು ಪ್ರವೀಣನದು, ಪಾಪಿನಾಯಕನಹಳ್ಳಿಯ ಮೇಳಕ್ಕೊಂದು ಹಾಡು. ಅತ್ತೆಯ ಆಸೆ ಪ್ರವೀಣನಿಗೆ ಗೊತ್ತಿತ್ತು. ಸಾಲಿನಲ್ಲಿ ಎಷ್ಟು ಜನ ಹೆಂಗಸರೋ ಅಷ್ಟೂ ಮೈಕು ಗಾಡಿಗೆ ಹಾಕಿಸಿದ. ಎರ್ರೆಮ್ಮ ನೀಲಿ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಸ್ವಂತದ ಹಾಡೊಂದನ್ನು ಕಟ್ಟಿ ಉಳಿದವರಿಗೆ ಕಲಿಸಿದಳು. ಏನು ಹಾಡು ಎಂದು ಗಂಡ ಕೇಳಿದರೆ, “ಪೆಟ್ಟಿಗಿಯಾಗ ಬರತೈತಲ್ಲ, ಅವಾಗ ಕೇಳ್ರಿ” ಎಂದಳು.

ಅದೇ ದಿನ ಪ್ರವೀಣನಿಗೆ ಚೋರನೂರಿನಲ್ಲಿ ಮದುವೆಯ ಆರ್ಡರು. ಬೆಳಿಗ್ಗೆ ಸಂಡೂರಿನಲ್ಲಿ ಎಲ್ಲ ಜೋಡಿಸಿ, ಮಿಕ್ಸರಿನ ಮುಂದೆ ಮಾವನನ್ನು ಕೂರಿಸಿ, “ಮಾವಾ, ಎಲ್ಲಾ ತೂಬೂ ತೆರೆದಾವು. ಹಾಡು ಶುರುವಾಗೋ ಮುಂದ ಪೆಟ್ಟಿಗಿಯ ದೊಡ್ಡ ಗೇಟೊಂದು ಎತ್ರಿ, ಬ್ಯಾರೆ ಯಾವುದನ್ನೂ ಮುಟ್ಟಬ್ಯಾಡ್ರಿ. ಕೈ ಕಟ್ಟಿ ಕುಂದ್ರಿ” ಎಂದು ಹೇಳಿ ಹೋದ. ಪಕೀರಪ್ಪ ಕಿವಿಗೆ ಹೆಡ್‌ಫೋನು ಹಾಕಿ, ಕೈ ಕಟ್ಟಿಯೇ ಕೂತಿದ್ದ. ಮಗಳು ಪಲ್ಲವಿ ಮುಂದಿನ ಸಾಲಿನಲ್ಲಿ ಫೋನು ಹಿಡಿದು ತಾಯಿಯ ವಿಡಿಯೋಕ್ಕೆ ಸಿದ್ಧವಾಗಿದ್ದಳು. ಎಲ್ಲ ಸರಿಯಾಗಿಯೇ ಇತ್ತು.

ಹೆಡ್‌ಫೋನಿಗೆ ಒಂದು ಗುಣವಿದೆ. ವೇದಿಕೆಯ ಮೇಲೆ ಮೈಕಿನ ಹತ್ತಿರ ಪಿಸುಗುಟ್ಟಿದ್ದನ್ನು ಅದು ನೇರ ಕಿವಿಗೆ ತಂದು ಸುರಿಯುತ್ತದೆ. ಪೆಟ್ಟಿಗೆಗಳಿಗೆ ಹೋಗುವ ದೊಡ್ಡ ಗೇಟನ್ನು ಪಕೀರಪ್ಪ ಇನ್ನೂ ಎತ್ತಿರಲಿಲ್ಲವಾದ್ದರಿಂದ, ಹೆಂಗಸರು ಸಾಲು ಹಿಡಿದು ನಿಲ್ಲುವಾಗ ದುರ್ಗಕ್ಕ ಆಡಿದ ಮಾತು ಸಭೆಗೆ ಕೇಳಲಿಲ್ಲ. ಅವನೊಬ್ಬನಿಗೇ ಕೇಳಿತು.

“ಎರ್ರಿಗೇನವ್ವಾ! ಗಂಡನ ಕೈಯಾಗ ಗೇಟೈತಿ. ನಮ್ದೆಲ್ಲ ಬಂದ್ ಮಾಡಿ ಆಕಿದೊಂದ ಬಿಡ್ತಾನ ನೋಡ್ರಿ.”

ಮೇಳವೆಲ್ಲ ಕಿಸಕ್ಕನೆ ನಕ್ಕಿತು. ಪಕೀರಪ್ಪ ನೆಟ್ಟಗೆ ಕೂತ. ಅದೇ ಚಾದಂಗಡಿ, ಅದೇ ಮಾತು! ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು. ಸಾಲಿನ ತುದಿಯ ಮೈಕಿನ ಫೇಡರು ಸದ್ದಿಲ್ಲದೆ ಕೆಳಗಿಳಿಯಿತು. ಬೆರಳಷ್ಟಲ್ಲ, ಪೂರ್ತಿ. ಆಮೇಲೆ ದೊಡ್ಡ ಗೇಟು ಎತ್ತಿದ.

ಎರ್ರೆಮ್ಮ ಹಾಡು ಎತ್ತಿಕೊಂಡಳು.

“ತಲೆಗಿದ್ದ ಹೊಲದಾಗ ತೆನಿಯೆಲ್ಲ ತೂಗ್ಯಾವ
ಬಾಲಕ್ಕ ಬಾರ ತುಂಗವ್ವ, ನನ್ನ ಹೊಲ
ಬಾಯ್ಬಿಟ್ಟು ಕುಂತೈತಿ ನಿನಗಾಗಿ”

ಮೇಳ ಹಿಂದೆ ಹಾಡಿತು. ಪೆಟ್ಟಿಗೆಯಿಂದ ದುರ್ಗಕ್ಕ ಬಂದಳು, ಉಳಿದವರೆಲ್ಲ ಬಂದರು, ಕೆಮ್ಮೂ ಬಂತು. ಎರ್ರೆಮ್ಮ ಹಾಡುತ್ತಲೇ ಪೆಟ್ಟಿಗೆಯ ಕಡೆ ಕಿವಿ ಕೊಟ್ಟಳು, ಆ ಕಿವಿ ಕೊಟ್ಟಳು, ಈ ಕಿವಿ ಕೊಟ್ಟಳು. ತಾನಿಲ್ಲ. ಸಭೆಯಾಚೆ ಕೂತ ಗಂಡನ ಮೇಲೆ ಅವಳ ಕಣ್ಣು ಬಿತ್ತು. ಅವನು ಮಿಕ್ಸರಿನಲ್ಲಿ ಏನೋ ಬಿದ್ದುಹೋದಂತೆ ತಲೆ ತಗ್ಗಿಸಿದ.

ಪಲ್ಲವಿ ಎದ್ದು ಬಗ್ಗಿಕೊಂಡು ಓಡಿ ಬಂದಳು. “ಅಪ್ಪಾ, ಅವ್ವನ ಮೈಕು ಬಂದೈತಿ!”

“ಬಂದೈತೇನು? ಸರಿ ಮತ್ತ.”

“ಬಂದ್ ಐತಿ ಅಪ್ಪಾ! ಬಂದ್!”

“ಗೊತ್ತೈತಿ, ಹೋಗಿ ಕುಂದ್ರು. ನಾಳೆ ಜನ ಏನಂದಾರು?”

“ಜನ ಇಲ್ಲೇನೂ ಅನ್ನಂಗಿಲ್ಲ. ಅವ್ವ ಮನಿಗೆ ಹೋಗಿ ಅಂತಾಳ, ಅದನ್ನ ಕೇಳು ಆಮ್ಯಾಲ.”

ಅಷ್ಟರಲ್ಲಿ ಎರ್ರೆಮ್ಮ ಎರಡನೆಯ ನುಡಿ ಎತ್ತಿಕೊಂಡಿದ್ದಳು. ಈ ಸಲ ಸಭಾಂಗಣದ ದನಿಯಲ್ಲ, ಬಸ್ಸು ನಿಲ್ಲಿಸುವ ದನಿ.

“ನೀರು ಬಿಡುವಾತ ಮನಿಗಂಡ ಆದರೂ
ಕೊಡಪಾನ ಯಾಕ ತುಂಬಲಿಲ್ಲ, ನನ ತಮ್ಮ
ಮೋಡಕ್ಕ ಭಾವ ಅಂದಾನ”

ಸಭೆ ಗೊಳ್ಳೆಂದಿತು. ಪಕೀರಪ್ಪ ಬೆಚ್ಚಿದ್ದು ಹಾಡಿಗಲ್ಲ. ತುದಿಯ ತೂಬು ಪೂರ್ತಿ ಇಳಿದಿದೆ, ಎರ್ರೆಮ್ಮ ಮಾತ್ರ ಪೆಟ್ಟಿಗೆಯಿಂದ ಸಣ್ಣಗೆ, ದೂರದಿಂದ ಕೇಳುತ್ತಿದ್ದಾಳೆ! ನೀರುಗಂಟಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತದೆ: ಎಲ್ಲೋ ಬಸಿಯುತ್ತಿದೆ. ಮುಚ್ಚಿದ ತೂಬಿನ ನೀರು ಪಕ್ಕದ ಹೊಲದೊಳಗಿಂದ ಜಿನುಗುತ್ತಿದೆ. ಅವನು ಎರ್ರೆಮ್ಮನ ಪಕ್ಕದವಳ ಮೈಕು ಇಳಿಸಿದ. ಬಸಿನೀರು ಆಚೆಯವಳ ಮೈಕಿನಿಂದ ಬಂತು. ಅದನ್ನೂ ಇಳಿಸಿದ. ಈಗ ದುರ್ಗಕ್ಕನ ಮೈಕಿನಲ್ಲೂ ಎರ್ರೆಮ್ಮನೇ. ದುರ್ಗಕ್ಕನ ತೂಬು ಇಳಿಯಿತು, ಕೆಮ್ಮು ನಿಂತಿತು. ಒಂದೊಂದೇ ಗೇಟು ಬೀಳಿಸುತ್ತ, ಬಸಿಯುವ ಜಾಗ ಹುಡುಕುತ್ತ, ಪಕೀರಪ್ಪ ಸಾಲಿನ ಆ ತುದಿಯವರೆಗೆ ಹೋಗಿ ಕಟ್ಟಕಡೆಯ ತೂಬನ್ನೂ ಮುಚ್ಚಿದ.

ಮೇಳದವರು ತಮ್ಮ ದನಿ ಎಲ್ಲಿ ಹೋಯಿತೆಂದು ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿ ಮೈಕು ನೋಡತೊಡಗಿದರು. ಪೆಟ್ಟಿಗೆಗಳು ಸತ್ತಂತೆ ನಿಂತಿದ್ದವು. ಆದರೂ ಸಭಾಂಗಣದ ತುಂಬ ಎರ್ರೆಮ್ಮ ಇದ್ದಳು. ಗೋಡೆಯಲ್ಲಿ, ಫ್ಯಾನಿನಲ್ಲಿ, ಹಿಂದಿನ ಸಾಲಿನ ಸ್ಟೀಲು ಲೋಟಗಳಲ್ಲಿ. ಹೊರಗೆ ಮಣ್ಣಿನ ಲಾರಿಯೊಂದು ಬ್ರೇಕು ಹಾಕಿದ್ದು ಕೇಳಿತು.

ಪಕೀರಪ್ಪ ಕಿವಿಯ ಹೆಡ್‌ಫೋನು ತೆಗೆದ. ಎಲ್ಲ ಗೇಟೂ ಮುಚ್ಚಿದ ಮೇಲೂ ಹರಿಯುವ ನೀರನ್ನು ಅವನು ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಹಾಗೆ ಹರಿಯುವುದನ್ನು ಕಾಲುವೆ ಎನ್ನುವುದಿಲ್ಲ, ಹೊಳೆ ಎನ್ನುತ್ತಾರೆ. ಹೊಳೆಗೆ ಪಾಳಿಯಿಲ್ಲ.

“ಈಗರೆ ಎತ್ತಪ್ಪಾ,” ಎಂದಳು ಪಲ್ಲವಿ.

ಪಕೀರಪ್ಪ ತುದಿಯ ತೂಬು ಎತ್ತಿದ. ಅಳತೆ ನೋಡಿ ಎತ್ತಬೇಕಿತ್ತು. ತೌರಿನ ಹೊಲದ ಬಾಕಿಯನ್ನೂ ಸೇರಿಸಿ ಒಮ್ಮೆಗೇ ತುದಿತನಕ ಎತ್ತಿಬಿಟ್ಟ. ಎರ್ರೆಮ್ಮ ಆಗಷ್ಟೇ ‘ತುಂಗವ್ವಾ’ ಎಂದು ಉಸಿರು ತುಂಬಿ ಕರೆದಿದ್ದಳು. ಎರಡೂ ಪೆಟ್ಟಿಗೆಗಳು ತುಂಗವ್ವನನ್ನು ಕರೆದ ರಭಸಕ್ಕೆ ಅಧ್ಯಕ್ಷೆಯ ಕೈಯ ಚಾ ಅಧ್ಯಕ್ಷೆಯ ಸೀರೆಗೆ ಹೋಯಿತು. ಮಾಡಿನ ಪಾರಿವಾಳಗಳು ಸಾಮೂಹಿಕ ರಾಜೀನಾಮೆ ಕೊಟ್ಟವು.

ಎರ್ರೆಮ್ಮ ಹಾಡು ನಿಲ್ಲಿಸಿ ಬಿಟ್ಟ ಬಾಯಿ ಬಿಟ್ಟಂತೆ ಪೆಟ್ಟಿಗೆಯ ಕಡೆ ತಿರುಗಿದಳು.

“ಅಯ್ಯಽ, ಯಾರದವ್ವಾ ಇದು ದನಿ?” ಎಂದು ಕೇಳಿದಳು. ಅದೂ ಪೆಟ್ಟಿಗೆಯಿಂದಲೇ ಬಂತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ನಂದೇನು? ಹಿಂಗೈತೇನು ನನ್ನ ದನಿ? ಇಷ್ಟು ಗಟ್ಟಿ?”

ಮಿಕ್ಸರಿನ ಪಕ್ಕದಲ್ಲಿ ಟೆಸ್ಟಿಂಗಿಗೆಂದು ಇಟ್ಟ ಮೈಕಿತ್ತು. ಪಕೀರಪ್ಪ ಅದನ್ನೆತ್ತಿಕೊಂಡ.

“ಹಿಂಗ ಐತಿ,” ಎಂದ. “ನಾ ದಿನಾ ಕೇಳ್ತೀನಲ್ಲ.”

ಸಭಾಂಗಣ ನಕ್ಕು ನಕ್ಕು ಕಣ್ಣೊರೆಸಿಕೊಂಡಿತು. ಅಧ್ಯಕ್ಷೆ ಒದ್ದೆ ಸೀರೆಯಲ್ಲೇ ಮೊದಲಿಂದ ಹಾಡಲು ಹೇಳಿದರು. ಈ ಸಲ ಎಲ್ಲ ತೂಬೂ ತೆರೆದಿದ್ದವು, ಮಳೆಯ ಹಾಗೆ. ತುದಿಯದು ಮಾತ್ರ ಉಳಿದವಕ್ಕಿಂತ ಒಂದು ಬೆರಳು ಮೇಲಿತ್ತು. ಎರ್ರೆಮ್ಮ ಪೆಟ್ಟಿಗೆಯನ್ನು ನೋಡುತ್ತಲೇ ಹಾಡಿದಳು, ಕನ್ನಡಿ ಮುಂದೆ ನಿಂತವಳಂತೆ.

ಹಾಡು ಮುಗಿದ ಮೇಲೆ ಅವಳು ಸಭೆಯನ್ನು ದಾಟಿಕೊಂಡು ನೇರ ಮಿಕ್ಸರಿನ ಹತ್ತಿರ ಬಂದಳು. ಬೈಗುಳಕ್ಕೆ ಸಿದ್ಧನಾಗಿ ಪಕೀರಪ್ಪ ಹೆಡ್‌ಫೋನು ಹಾಕಿಕೊಂಡ. ಅವಳು ಬೈಯಲಿಲ್ಲ. “ನಂದು ಯಾವುದ್ರಿ?” ಎಂದು ಕೇಳಿ, ಅವನು ತೋರಿಸಿದ ಫೇಡರಿನ ನೆತ್ತಿಗೆ ತನ್ನ ಹಣೆಯಿಂದಲೇ ಒಂದಿಷ್ಟು ಕುಂಕುಮ ತೆಗೆದು ಹಚ್ಚಿದಳು. “ಇನ್ನ ಮ್ಯಾಲ ಇದನ್ನ ಇಳಿಸೋ ಮುಂದ ನನ್ನ ಹಣಿ ನೆನಸ್ರಿ.”

ಆ ಬೊಟ್ಟನ್ನು ಪ್ರವೀಣ ಇವತ್ತಿಗೂ ಒರೆಸಿಲ್ಲ. ಕುಂಕುಮ ಒಳಗಿಳಿದು ಆ ಫೇಡರು ಈಗ ಸರಿಸಿದರೆ ಸ್ವಲ್ಪ ಕರಕರ ಎನ್ನುತ್ತದೆ, ಅಷ್ಟೇ.

ಸಂಜೆ ಪಲ್ಲವಿಯ ವಿಡಿಯೋ ಓಬಳಪ್ಪನಿಗೂ ತಲುಪಿತು. ಅವನು ಕೂಡಲೇ ಫೋನು ಮಾಡಿದ.

“ಅಕ್ಕಾ, ಆ ಕುಂಕುಮನ ಅವಾಗ ನಮ್ಮ ಕಾಲುವಿ ಗೇಟಿಗೆ ಯಾಕ ಹಚ್ಚಲಿಲ್ಲವಾ ನೀನು!”